ಗುರುತ್ವ ಗೆದ್ದವರು ಟಾಮ್‌ನನ್ನು ಮರೆತರು

ಹೈಸ್ಕೂಲಿನಲ್ಲಿದ್ದಾಗ ನಮ್ಮ ಲೆಕ್ಕದ ಮೇಷ್ಟ್ರು ಅಪ್ಪನನ್ನು ಕರೆಸಿ, "ಈ ಹುಡುಗ ಚುರುಕಿದಾನೆ, ಹೊಲಕ್ಕೆ ಹಾಕಬೇಡಿ" ಅಂದಿದ್ದರು. ಅಣ್ಣನ ಬಗ್ಗೆ ಅಂಥ ಮಾತು ಯಾರೂ ಆಡಲಿಲ್ಲ. ನಾನು ಬಿಇ ಮುಗಿಸಿ ಬೆಂಗಳೂರು ಸೇರಿದೆ. ಅಣ್ಣ ದಾವಣಗೆರೆ ಕಡೆಯ ನಮ್ಮ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತ ಉಳಿದ.

ಕ್ರಿಸ್ಟೊಫರ್ ನೋಲನ್‌ನ 'ಇಂಟರ್‌ಸ್ಟೆಲ್ಲರ್' (2014) ಸಿನಿಮಾದಲ್ಲಿ ಇದು ತಿರುಗುಮುರುಗು. ಅಲ್ಲಿ ಶಾಲೆಯ ಮುಖ್ಯಸ್ಥರು ನಾಯಕ ಕೂಪರ್‌ನನ್ನು ಕರೆಸಿ, ನಿಮ್ಮ ಮಗ ಟಾಮ್‌ಗೆ ಕಾಲೇಜು ಬೇಡ, ಒಳ್ಳೆಯ ರೈತನಾಗುತ್ತಾನೆ, ಜಗತ್ತಿಗೀಗ ಎಂಜಿನಿಯರುಗಳು ಬೇಕಾಗಿಲ್ಲ ಅನ್ನುತ್ತಾರೆ. ಬೆಳೆಗಳೆಲ್ಲ ರೋಗಕ್ಕೆ ಸಿಕ್ಕಿ ಒಂದೊಂದಾಗಿ ಸಾಯುತ್ತಿರುವ ಕಾಲ ಅದು. ಬೆಂಡೆಕಾಯಿಯೂ ಮುಗಿಯಿತು, ಉಳಿದದ್ದು ಮೆಕ್ಕೆಜೋಳ ಒಂದೇ. ಥಿಯೇಟರಿನಲ್ಲಿ ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಯಾಕೋ ಮುಜುಗರವಾಯಿತು.

ಮೊದಲು ಸಿನಿಮಾ ಗೆದ್ದಿರುವ ಕಡೆ ನೋಡೋಣ. ಇದರ ವಿಜ್ಞಾನ ಸಲಹೆಗಾರ ಕಿಪ್ ಥಾರ್ನ್, 2017ರಲ್ಲಿ ಗುರುತ್ವದ ಅಲೆಗಳ ಶೋಧಕ್ಕೆ ನೊಬೆಲ್ ಹಂಚಿಕೊಂಡವರು. ಒಂದು ಪಾತ್ರ ಬೆಳಕಿಗಿಂತ ವೇಗವಾಗಿ ಹೋಗಬೇಕು ಅಂತ ನೋಲನ್‌ಗೆ ಆಸೆಯಿತ್ತಂತೆ. ಬೇಡ ಅಂತ ಒಪ್ಪಿಸಲು ಥಾರ್ನ್‌ಗೆ ಎರಡು ವಾರ ಹಿಡಿಯಿತಂತೆ. ಆ ಎರಡು ವಾರಕ್ಕೆ ನಾವೆಲ್ಲ ಋಣಿಗಳು.

ಯಾಕೆ ಅಂದರೆ, ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಅದನ್ನು ಮೀರುವ ಹಾಗಿಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರಕ್ಕೆ ಬೆಳಕೇ ನಾಲ್ಕು ವರ್ಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಬೇರೆ ಸಿನಿಮಾಗಳಲ್ಲಾದರೆ ಪೈಲಟ್ ಒಂದು ಬಟನ್ ಒತ್ತುತ್ತಾನೆ, ನಕ್ಷತ್ರಗಳು ಗೆರೆಗಳಾಗುತ್ತವೆ, ಊರು ಬಂತು. ಇಲ್ಲಿ ಹಾಗಲ್ಲ. ಶನಿಗ್ರಹದ ಹತ್ತಿರ ಯಾರೋ ಒಂದು ವರ್ಮ್‌ಹೋಲ್ ಇಟ್ಟುಹೋಗಿದ್ದಾರೆ. ಅದೊಂದು ಅಡ್ಡದಾರಿ. ದಾರಿಯೇ ಗಿಡ್ಡವಾಗುವುದರಿಂದ ವೇಗದ ನಿಯಮ ಮುರಿಯುವುದಿಲ್ಲ. ಒಂದು ಕಥೆಗೆ ಇಂಥ ಒಂದು ವರ ಕೊಡಬಹುದು, ಒಪ್ಪೋಣ.

ಅದರ ಆಚೆಗೆ ಸಿನಿಮಾ ಪೈಸೆ ಪೈಸೆ ಲೆಕ್ಕ ಕೇಳುತ್ತದೆ. ಕಪ್ಪುಕುಳಿಯ ಪಕ್ಕದ ಒಂದು ಗ್ರಹದಲ್ಲಿ ಗುರುತ್ವ ಎಷ್ಟು ಜೋರು ಅಂದರೆ ಅಲ್ಲಿಯ ಒಂದು ಗಂಟೆ ಭೂಮಿಯ 7 ವರ್ಷ. ಇದು ಬರೀ ಸಿನಿಮಾ ಮಾತಲ್ಲ. ನಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರವೂ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಮ್ಯಾಪ್ ಕಿಲೋಮೀಟರುಗಟ್ಟಲೆ ತಪ್ಪುತ್ತದೆ, ನಿಮ್ಮ ಬಿರಿಯಾನಿ ಇನ್ಯಾರದೋ ಮನೆಗೆ ಹೋಗುತ್ತದೆ.

ಆ ಗ್ರಹದಲ್ಲಿ ಕೂಪರ್‌ಗೆ ಕೆಲವು ಗಂಟೆ ತಡವಾಗುತ್ತದೆ. ಹಡಗಿಗೆ ಮರಳಿದಾಗ 23 ವರ್ಷ ಕಳೆದಿದೆ. ಅವನು ಪರದೆಯ ಮುಂದೆ ಕೂತು ಮಕ್ಕಳ ಸಂದೇಶಗಳನ್ನು ನೋಡುತ್ತಾನೆ. ಟಾಮ್ ದೊಡ್ಡವನಾಗುತ್ತಾನೆ, ಮದುವೆಯಾಗುತ್ತಾನೆ, ತಾತ ಹೋದ ಸುದ್ದಿ ಹೇಳುತ್ತಾನೆ. ಬೆಳಕಿನ ವೇಗಕ್ಕೊಂದು ಮಿತಿ ಇದೆ ಅನ್ನುವ ಒಣ ವಾಕ್ಯ ಆ ಐದು ನಿಮಿಷದಲ್ಲಿ ಒಬ್ಬ ಅಪ್ಪನ ಅಳುವಾಗುತ್ತದೆ. ನಿಯಮ ಮುರಿದಿದ್ದರೆ ಈ ದೃಶ್ಯವೇ ಇರುತ್ತಿರಲಿಲ್ಲ.

ಇಷ್ಟು ಪ್ರಾಮಾಣಿಕವಾಗಿ ಬಂದ ಸಿನಿಮಾ ಗುರುತ್ವದ ವಿಷಯಕ್ಕೆ ಬಂದಾಗ ಕೈ ಎತ್ತುತ್ತದೆ. ಕಥೆಯ ಪ್ರಕಾರ ಒಂದು ಸಮೀಕರಣ ಬಿಡಿಸಿದರೆ ಗುರುತ್ವ ನಮ್ಮ ಹಿಡಿತಕ್ಕೆ ಬರುತ್ತದೆ, ಜನರನ್ನು ಹೊತ್ತ ದೈತ್ಯ ನಿಲ್ದಾಣಗಳನ್ನು ನೆಲದಿಂದ ಮೇಲೆತ್ತಬಹುದು. ವಿದ್ಯುತ್ತಿನಲ್ಲಿ ಧನ, ಋಣ ಎರಡೂ ಇವೆ. ಒಂದು ಎಳೆದರೆ ಇನ್ನೊಂದು ತಳ್ಳುತ್ತದೆ. ದ್ರವ್ಯರಾಶಿಯಲ್ಲಿ ಋಣ ಅನ್ನುವುದನ್ನು ಈವರೆಗೆ ಯಾರೂ ಕಂಡಿಲ್ಲ. ಪ್ರತಿದ್ರವ್ಯವಾದರೂ ಮೇಲಕ್ಕೆ ಬೀಳಬಹುದೇನೋ ಅನ್ನುವ ಆಸೆ ಕೆಲವರಿಗಿತ್ತು. 2023ರಲ್ಲಿ ಸರ್ನ್‌ನ ಆಲ್ಫಾ ತಂಡ ಆಂಟಿಹೈಡ್ರೋಜನ್ ಪರಮಾಣುಗಳನ್ನು ಬಿಟ್ಟು ನೋಡಿತು. ಅವೂ ಕೆಳಕ್ಕೇ ಬಿದ್ದವು. 1994ರಲ್ಲಿ ಮಿಗೆಲ್ ಅಲ್ಕುಬಿಯರೆ ಮಂಡಿಸಿದ, ಆಕಾಶವನ್ನೇ ಮಡಚಿ ಬೆಳಕನ್ನು ಹಿಂದಿಕ್ಕುವ ಲೆಕ್ಕಕ್ಕೂ ಋಣಶಕ್ತಿ ಬೇಕು. ಲೆಕ್ಕ ಸರಿಯಿದೆ, ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಊಹೆ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬೆಲೆ ಕಟ್ಟದೆ ಎದ್ದುಹೋದದ್ದು ತಪ್ಪು. ಮಗಳು ಮರ್ಫ್ ಗಡಿಯಾರದ ಮುಳ್ಳಿನಿಂದ ಸಂಕೇತ ಓದಿ, ಕಾಗದ ಎಸೆದು ಕುಣಿಯುತ್ತಾಳೆ. ಆಮೇಲೆ ಕೂಪರ್ ಕಣ್ಣು ಬಿಡುವುದು ಶನಿಯ ಹತ್ತಿರದ ನಿಲ್ದಾಣದಲ್ಲಿ. ಅಲ್ಲಿ ಹಸಿರು ಹೊಲ, ಮನೆ, ಬೇಸ್‌ಬಾಲ್ ಆಡುವ ಮಕ್ಕಳು. ಸಾಫ್ಟ್‌ವೇರ್‌ನವನಾಗಿ ನನಗೆ ಈ ಜಿಗಿತ ಚೆನ್ನಾಗಿ ಗೊತ್ತು. ಬೋರ್ಡಿನ ಮೇಲೆ ಡಿಸೈನ್ ಮುಗಿದ ದಿನವೇ ಪ್ರಾಜೆಕ್ಟ್ ಮುಗಿಯಿತು ಅನ್ನುವ ಮ್ಯಾನೇಜರ್ ಎಲ್ಲ ಆಫೀಸಿನಲ್ಲೂ ಇರುತ್ತಾನೆ. ಎಷ್ಟು ಜನ ಮೇಲೆ ಹೋದರು? ಯಾರು ಉಳಿದರು? ಯಾರು ಆರಿಸಿದರು? ಸಿನಿಮಾ ಹೇಳುವುದಿಲ್ಲ.

ಉಳಿದವರ ಲೆಕ್ಕದಲ್ಲಿ ಟಾಮ್ ಒಬ್ಬನಿದ್ದಾನೆ. ಆ 23 ವರ್ಷದ ಸಂದೇಶಗಳಲ್ಲಿ ಬಹುಪಾಲು ಅವನವು. ಸಿಟ್ಟು ಮಾಡಿಕೊಂಡ ತಂಗಿ ಬಾಯಿ ಬಿಡದಿದ್ದ ಅಷ್ಟೂ ಕಾಲ, ಉತ್ತರ ಬರದ ಅಪ್ಪನಿಗೆ ಸುದ್ದಿ ಕಳಿಸಿದವನು ಇವನು. ದೊಡ್ಡವನಾದ ಮೇಲೆ ಸಿನಿಮಾ ಅವನನ್ನು ದೂಳು ಕುಡಿದೂ ಮನೆ ಬಿಡದ ಹಟಮಾರಿಯಾಗಿ ಮಾತ್ರ ತೋರಿಸುತ್ತದೆ. ಅವನನ್ನು ಮನೆಯಿಂದ ಆಚೆ ಸೆಳೆಯಲು ಮರ್ಫ್ ಅವನ ಹೊಲಕ್ಕೆ ಬೆಂಕಿ ಇಡುತ್ತಾಳೆ. ಕೊನೆಗೆ ಎಚ್ಚರವಾದ ಕೂಪರ್ ಮಗಳನ್ನು ಕೇಳುತ್ತಾನೆ. ಟಾಮ್ ಏನಾದ ಅಂತ ಒಂದು ಮಾತು ಕೇಳುವುದಿಲ್ಲ.

ಇದನ್ನು ನಾನಾಗಿಯೇ ಗಮನಿಸಿರಲಿಲ್ಲ. ಒಂದು ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅಣ್ಣನಿಗೆ ಸಿನಿಮಾ ತೋರಿಸಿದೆ. ವರ್ಮ್‌ಹೋಲ್, ಕಪ್ಪುಕುಳಿ ಎಲ್ಲ ಸುಮ್ಮನೆ ನೋಡಿದ. ಬೆಂಕಿ ಬಿದ್ದಾಗ ನೆಟ್ಟಗೆ ಕೂತ.

"ಅಲ್ಲಲೇ, ನಿಂತಿರೋ ಬೆಳೆಗೆ ಬೆಂಕಿ ಇಟ್ಲಲ್ಲ!"

"ಅದು ಹೆಂಗೂ ರೋಗದ ಬೆಳೆ ಅಣ್ಣ."

"ಇಷ್ಟು ತಲೆ ಇರೋರು ಆ ರೋಗಕ್ಕೊಂದು ಔಷಧಿ ಹುಡುಕಲಿಲ್ವೇನು?"

ನನ್ನ ಹತ್ತಿರ ಉತ್ತರವಿರಲಿಲ್ಲ. 2018ರಲ್ಲಿ ನಮ್ಮ ದೇಶದಲ್ಲೇ ಮೊದಲ ಬಾರಿಗೆ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಕಂಡಾಗ ಅಣ್ಣನಂಥವರು ಬೆಳಿಗ್ಗೆ ಎದ್ದು ಗಿಡ ಗಿಡದ ಸುಳಿ ಬಿಡಿಸಿ ನೋಡಿದರು. ತೌಡು, ಬೆಲ್ಲ, ಕೀಟನಾಶಕ ಕಲಸಿ ಸುಳಿಗೆ ಹಾಕಿದರು. ಹುಳು ಈಗಲೂ ಇದೆ, ಜೋಳವೂ ಇದೆ. ಆ ಕೆಲಸಕ್ಕೆ ಹಿನ್ನೆಲೆ ಸಂಗೀತ ಇಲ್ಲ.

ಈ ಸಿನಿಮಾಕ್ಕಾಗಿ ನೋಲನ್ ಕೆನಡಾದಲ್ಲಿ 500 ಎಕರೆ ಜೋಳವನ್ನು ನಿಜವಾಗಿಯೇ ಬೆಳೆಸಿದ, ಮಾರಿ ಲಾಭವನ್ನೂ ಮಾಡಿಕೊಂಡ. ಅಣ್ಣನಿಗೆ ಇದನ್ನು ಹೇಳಿದೆ. "ನೋಡು, ಆ ಕೆಲಸ ಅವನಿಗೆ ಬರ್ತಿತ್ತು" ಅಂದ.

ಸಿನಿಮಾ ನೋಡಿ, ಎರಡನೇ ಸಲ ಬೇಕಾದರೂ ನೋಡಿ, ಅಷ್ಟು ಚೆನ್ನಾಗಿದೆ. ಹಾಗೆ ನೋಡುವಾಗ ಟಾಮ್ ಎಲ್ಲಿದ್ದಾನೆ ಅಂತಲೂ ಒಮ್ಮೆ ಹುಡುಕಿ. ಮುಗಿದ ಮೇಲೆ ಊರಿಗೊಂದು ಫೋನ್ ಮಾಡಿ. ಅಲ್ಲಿಗೆ ಮಾತು ತಲುಪಲು 23 ವರ್ಷ ಬೇಕಾಗಿಲ್ಲ.