ಗೊರೂರರ ಹಳ್ಳಿ

ಗ್ರಾಮಚರಿತ್ರೆಯೆಂದೊಡನೆ ನಮ್ಮ ಪಂಡಿತರು ಶಾಸನವನ್ನೂ ಸ್ಥಳಪುರಾಣವನ್ನೂ ಅರಸಲುದ್ಯುಕ್ತರಾಗುವರು. ನಮ್ಮ ಕಟ್ಟಾಯಕ್ಕೆ ಸಮೀಪದ ಗೊರೂರಿನಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಹಿಡಿದ ಮಾರ್ಗವೇ ಬೇರೆ. 1930ರಲ್ಲಿ ಪ್ರಕಟವಾದ ‘ಹಳ್ಳಿಯ ಚಿತ್ರಗಳು’, ತರುವಾಯದ ‘ನಮ್ಮ ಊರಿನ ರಸಿಕರು’ ಇವುಗಳಲ್ಲಿ ರಾಜರಿಲ್ಲ, ದಂಡಯಾತ್ರೆಗಳಿಲ್ಲ. ಜಗಲಿಯ ಹರಟೆಯಿದೆ, ಹೇಮಾವತಿಯ ದಡವಿದೆ, ಊರವರ ಕೀಟಲೆಯಿದೆ. ನಾನು ಬಹುಕಾಲ ಇವನ್ನು ಲಘುಸಾಹಿತ್ಯವೆಂದೇ ತಿಳಿದಿದ್ದೆನು. ಪಾಠಶಾಲೆಯಲ್ಲಿ ಕಲಿತವನ ಗರ್ವವದು. ಹಾಸ್ಯವು ಪ್ರಧಾನವಾದುದರಿಂದ ಕೆಲವೆಡೆ ಕರುಣವು ಮರೆಯಾಗಿ, ಬಡತನದ ನೋವು ನಗೆಯಲ್ಲಿ ಕರಗಿಹೋಗುವುದೆಂಬ ಆಕ್ಷೇಪವನ್ನು ಈಗಲೂ ಬಿಡಲಾರೆನು. ಆದರೂ ಈ ಗ್ರಂಥಗಳ ಬೆಲೆ ನನಗೆ ತಿಳಿದುದು ಶೆಟ್ಟಿಹಳ್ಳಿಯನ್ನು ನೋಡಿದ ಮೇಲೆ.

ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತಷ್ಟೆ. ಅದರ ಹಿನ್ನೀರಿಗೆ ಶೆಟ್ಟಿಹಳ್ಳಿಯವರು ಊರು ಬಿಟ್ಟರು. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಕಟ್ಟಿಸಿದ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರೊಳಗೆ ನಿಂತು ಬೇಸಗೆಯಲ್ಲಿ ಮೇಲೆ ತೋರುವುವು. ನೋಡುವವರೇನೋ ಬಹಳ. ಆದರೆ ಹಬ್ಬದ ದಿನ ಅಲ್ಲಿಯ ಜನ ಯಾರನ್ನು ಹಾಸ್ಯಮಾಡಿ ನಗುತ್ತಿದ್ದರೆಂಬುದನ್ನು ಗೋಡೆಗಳು ಹೇಳಲಾರವು. ಬಲ್ಲ ವೃದ್ಧರಿರುವಾಗಲೇ ನಮ್ಮ ತರುಣರು ಕಾಗದ ಹಿಡಿದು ಅವರ ಮುಂದೆ ಕುಳಿತುಕೊಳ್ಳಲಿ.