ಮೂರು ನಿಮಿಷದಲ್ಲಿ ಡಾರ್ಫರ್

ಕವಿ ಎಮಿ ಮಹಮೂದ್ ತಮ್ಮ ಅಮ್ಮನ ಬಗ್ಗೆ ಕಟ್ಟಿದ ‘ಮಮಾ’ ಕವಿತೆ ಶುರುವಾಗುವುದು ಯುದ್ಧದಿಂದಲ್ಲ. ಬೀದಿಯಲ್ಲಿ ಯಾರೋ ಒಬ್ಬ ಅವರನ್ನು ತಡೆದು, ಮೈಬಣ್ಣ ನೋಡಿ, ಆಫ್ರಿಕಾದವಳೇ ಎಂದು ಸಲಿಗೆಯಿಂದ ವಿಚಾರಿಸುತ್ತಾನೆ. ಅವನಿಗೆ ಕೊಡುವ ಉತ್ತರವೇ ಕವಿತೆ. ಉತ್ತರದ ತುಂಬ ಅಮ್ಮ. ಸುಡಾನಿನ ಡಾರ್ಫರ್‌ನಲ್ಲಿ 2003ರಲ್ಲಿ ಶುರುವಾದ ನರಮೇಧವೆಂದರೆ ನಮಗೆ ನೆನಪಾಗುವುದು ಸುಟ್ಟ ಹಳ್ಳಿಗಳು, ಹೆಣಗಳ ಲೆಕ್ಕ. ಎಮಿ ಮುಂದಿಡುವುದು ಬದುಕಿ ಉಳಿದ ಹೆಂಗಸೊಬ್ಬಳ ನಡಿಗೆ, ಗತ್ತು, ಖಾರ. ಯುದ್ಧಭೂಮಿಯಲ್ಲೂ ಹೆದರುವ ಸರದಿ ಇವಳದಲ್ಲ. ಕೇಳುಗರಿಗೆ ‘ಅಯ್ಯೋ ಪಾಪ’ ಎನ್ನಲು ಎಡೆಯೇ ಇಲ್ಲ. ಸಂತ್ರಸ್ತರ ಪರವಾದ ಎಷ್ಟೋ ಕವಿತೆಗಳು ಎಡವುವುದು ಇಲ್ಲೇ: ಗಾಯ ತೋರಿಸುವ ಭರದಲ್ಲಿ ಗಾಯಗೊಂಡವರ ಮುಖವನ್ನೇ ಮರೆಯುತ್ತವೆ.

ಡಾರ್ಫರ್ ಮೂಲದ, ಫಿಲಡೆಲ್ಫಿಯಾದಲ್ಲಿ ಬೆಳೆದ ಎಮಿ, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದಾಗಲೇ 2015ರ ವೈಯಕ್ತಿಕ ವಿಶ್ವ ಪೊಯೆಟ್ರಿ ಸ್ಲ್ಯಾಮ್ ಗೆದ್ದರು. 1980ರ ದಶಕದಲ್ಲಿ ಶಿಕಾಗೋದ ಕಟ್ಟಡ ಕಾರ್ಮಿಕ ಮಾರ್ಕ್ ಸ್ಮಿತ್ ಹುಟ್ಟುಹಾಕಿದ ಸ್ಲ್ಯಾಮ್ ಎಂಬ ಕಾವ್ಯವಾಚನ ಸ್ಪರ್ಧೆಯ ಕಟ್ಟಳೆ ಬಿಗಿ. ಒಂದು ಕವಿತೆಗೆ ಸಾಮಾನ್ಯವಾಗಿ ಮೂರು ನಿಮಿಷ. ಮೀರಿದರೆ ಅಂಕ ಕಡಿತ. ವಾದ್ಯವಿಲ್ಲ, ವೇಷವಿಲ್ಲ. ಸಭಿಕರಿಂದಲೇ ಆರಿಸಿದ ತೀರ್ಪುಗಾರರು ಹತ್ತಕ್ಕೆ ಎಷ್ಟೆಂದು ಎತ್ತಿ ತೋರಿಸುತ್ತಾರೆ. ಹತ್ಯಾಕಾಂಡದ ಸಾಕ್ಷ್ಯಕ್ಕೂ ಅಂಕವೇ? ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ, ಏಕೆಂದರೆ ಅಂಕದ ಒತ್ತಡ ಕವಿತೆಗಳ ಒಳಗೂ ಇಳಿದಿದೆ. ಒಂದು ಚಿತ್ರ ಮನಸ್ಸಿನಲ್ಲಿ ಕೂರುವ ಮೊದಲೇ ಮುಂದಿನದು ಏರುದನಿಯಲ್ಲಿ ಬಂದು ಬೀಳುತ್ತದೆ. ನಮ್ಮ ದಲಿತ ಕವಿ ಸಿದ್ಧಲಿಂಗಯ್ಯನವರ ಹೋರಾಟದ ಹಾಡುಗಳನ್ನು ಮೆರವಣಿಗೆಯ ಜನ ತಾವೇ ಹಾಡಿಕೊಂಡು ಭಾರ ಹಂಚಿಕೊಂಡರು. ಸ್ಲ್ಯಾಮ್ ವೇದಿಕೆಯಲ್ಲಿ ಅಷ್ಟೂ ಭಾರ ಒಬ್ಬಳ ಗಂಟಲಿಗೆ.

ಎಮಿ ಅವರ 2018ರ ಸಂಕಲನ ‘ಸಿಸ್ಟರ್ಸ್ ಎಂಟ್ರೆನ್ಸ್’ ಓದುವಾಗ ಈ ಒತ್ತಡ ಇನ್ನೂ ಸ್ಪಷ್ಟ. ದನಿಯ ಆಸರೆ ತಪ್ಪಿದೊಡನೆ ಪುನರುಕ್ತಿ ಸೊರಗುತ್ತದೆ. ಮನೆಮಂದಿ ಬಂದಲ್ಲಿ ಮಾತ್ರ ಸಾಲುಗಳು ಮತ್ತೆ ಜೀವ ತಳೆಯುತ್ತವೆ.

ಅದೇ ವರ್ಷ ಅವರು ಶಾಂತಿಗಾಗಿ ಡಾರ್ಫರ್‌ನಿಂದ ರಾಜಧಾನಿ ಖಾರ್ಟೂಮ್‌ವರೆಗೆ 30 ದಿನಗಳಲ್ಲಿ 1,000 ಕಿ.ಮೀ. ನಡೆದರು, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಸದ್ಭಾವನಾ ರಾಯಭಾರಿಯೂ ಆದರು. ಕವಿತೆಯನ್ನು ಈ ನಡಿಗೆಯಿಂದ ಬೇರ್ಪಡಿಸಿ ತೂಗಬೇಕೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ: ಎರಡರ ಹಿಂದೆಯೂ ಇರುವುದು ಡಾರ್ಫರ್‌ನ ಅದೇ ಜನ. ಆದರೆ ಕೆಲಸ ದೊಡ್ಡದೆಂದು ಸಡಿಲ ಸಾಲುಗಳಿಗೆ ವಿನಾಯಿತಿ ಕೊಡಲೂ ಆಗದು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಮತ್ತೆ ಯುದ್ಧ ಭುಗಿಲೆದ್ದಿತು, ಡಾರ್ಫರ್‌ನ ಜನ ಮತ್ತೆ ಊರು ಬಿಟ್ಟರು. ಅವರ ಪರವಾಗಿ ಆಡುವ ಮಾತು ಒಂದು ಸಂಜೆಯ ಚಪ್ಪಾಳೆಗೆ ಮುಗಿಯಬಾರದು. ‘ಮಮಾ’ ಹಾಗೆ ಮುಗಿಯುವುದಿಲ್ಲ. ಆದರೆ ಸಂಕಲನದ ಬೇರೆ ಹಲವು ಕವಿತೆಗಳನ್ನು ದನಿ ತಗ್ಗಿಸಿ ಮತ್ತೊಮ್ಮೆ ತಿದ್ದಬೇಕಿತ್ತು.