ರಿಬಂದರಿನ ಕೆಂಪು ನೀರು

ಪಣಜಿಯಿಂದ ಹಳೇ ಗೋವೆಯ ಬಸ್ಸು ಹತ್ತಿದವರು ಕಿಟಕಿ ಪಕ್ಕ ಕೂರಬೇಕು. ಪೋರ್ಚುಗೀಸರು 1634ರ ಹೊತ್ತಿಗೆ ಕಟ್ಟಿ ಮುಗಿಸಿದ ಕಲ್ಲುದಾರಿ ದಾಟುವಾಗ ಬದಿಯಲ್ಲೇ ರಿಬಂದರಿನ ಉಪ್ಪಿನಗದ್ದೆಗಳು ಸಿಗುತ್ತವೆ. ಕೊಂಕಣಿಯಲ್ಲಿ ಮಿಠಾಗರ, ನಮ್ಮ ಗೋಕರ್ಣ, ಸಾಣಿಕಟ್ಟೆಯ ಕಡೆ ಬರೀ ಆಗರ. ಕೆಲವು ಪಾಳುಬಿದ್ದು ಕಾಂಡ್ಲಾ ಹಬ್ಬಿದೆ. ಉಳಿದವುಗಳಲ್ಲಿ ಏಪ್ರಿಲ್ ಬಿಸಿಲಿಗೆ ಕೊನೆಯ ಮಡಿಗಳ ನೀರು ಗುಲಾಬಿಗೆ ತಿರುಗಿರುತ್ತದೆ. ಕೋಕಂ ಸಾರನ್ನು ಯಾರೋ ಚೆಲ್ಲಿದ ಹಾಗೆ.

ಸೂಕ್ಷ್ಮದರ್ಶಕದ ಹುಚ್ಚು ಹಿಡಿದ ಮೇಲೆ ಹೋದಲ್ಲೆಲ್ಲ ಒಂದು ಸಣ್ಣ ಬಾಟಲಿ ಜೇಬಿನಲ್ಲಿರುತ್ತದೆ. ಬದುವಿನ ಮೇಲೆ ಕೂತು ನೀರು ತುಂಬಿಕೊಳ್ಳುತ್ತಿದ್ದೆ. ಉಪ್ಪು ಎಳೆಯುತ್ತಿದ್ದ ಹೆಂಗಸೊಬ್ಬರು ಗೋಕರ್ಣದ ಕಡೆಯವರು. ನನ್ನ ಕನ್ನಡ ಕೇಳಿ ನಕ್ಕು, "ಕೆಂಪಾಯ್ತಂದ್ರೆ ಇನ್ನೇನು ಉಪ್ಪು ಕೂತ್ಕಳ್ತದೆ ಅಂತ ಲೆಕ್ಕ. ನೀವದ್ನ ಒಯ್ದು ಎಂತ ಮಾಡ್ತ್ರಿ?" ಎಂದರು. ನೋಡ್ತೇನೆ ಅಂದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ.

ಲೆಕ್ಕ ಮಾತ್ರ ಪಕ್ಕಾ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮಡಿಯಿಂದ ಮಡಿಗೆ ಹರಿದು ಬತ್ತುತ್ತ ಅದು 250 ದಾಟುವ ಹೊತ್ತಿಗೆ ಮೀನು ಸೀಗಡಿಗಳೆಲ್ಲ ಜಾಗ ಖಾಲಿಮಾಡಿರುತ್ತವೆ. ಆಗ ತುಂಬಿಕೊಳ್ಳುವವೇ ಈ ಕೆಂಪು ಜೀವಿಗಳು. ಒಣಮೀನಿನ ಮೇಲೆ ಕೆಲವೊಮ್ಮೆ ಗುಲಾಬಿ ಕಲೆ ಏಳುತ್ತದಲ್ಲ, ಅದೂ ಇವುಗಳದೇ ಬಳಗ.

ನಾನೂರು ಪಟ್ಟು ಹಿಗ್ಗಿಸಿ ನೋಡಿದರೆ ಎರಡು ಬಗೆ ಕಾಣುತ್ತದೆ. ಒಂದು ದಪ್ಪನೆಯ, ಕಿತ್ತಳೆ ಬಣ್ಣದ ಮೊಟ್ಟೆಯಾಕಾರ, ಎರಡು ಬಾಲ ಬೀಸುತ್ತ ಓಡಾಡುವುದು: ಡುನಾಲಿಯೆಲ್ಲ ಎಂಬ ಪಾಚಿ. ಒಳಗೆ ಕೋಶಕೇಂದ್ರ, ಮೈಟೊಕಾಂಡ್ರಿಯ, ಕ್ಲೋರೋಪ್ಲಾಸ್ಟ್, ಎಲ್ಲ ಉಂಟು. ಇನ್ನೊಂದು ಕೂದಲ ಚೂರಿನಂಥ ಸಣ್ಣ ಕಡ್ಡಿಗಳ ಸಂತೆ. ಶಾಲೆಯಲ್ಲಿ ಓದಿದ ಪಾಠಕ್ಕೆ ಇಷ್ಟೇ ಸಾಕು: ಕೋಶಕೇಂದ್ರ ಇದ್ದರೆ ಯೂಕ್ಯಾರಿಯೋಟ್, ಇಲ್ಲದಿದ್ದರೆ ಪ್ರೊಕ್ಯಾರಿಯೋಟ್.

ಆ ಪಾಠ ನನಗೀಗ ರುಚಿಸುವುದಿಲ್ಲ. ಇಲ್ಲದ್ದನ್ನು ಹಿಡಿದು ಕುಲ ಹೇಳಿದರೆ ಆನೆಯೂ ಇರುವೆಯೂ ರೆಕ್ಕೆಯಿಲ್ಲದವು ಅಂತ ಒಂದೇ ಮನೆಯಲ್ಲಿ ಕೂರಬೇಕಾಗುತ್ತದೆ. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಆಕಾರ ಬಿಟ್ಟು, ಎಲ್ಲ ಜೀವಕೋಶಗಳಲ್ಲೂ ಇರುವ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿದರು. ಬ್ಯಾಕ್ಟೀರಿಯಾ ಎಂದು ಕರೆದಿದ್ದ ಕೆಲವು ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಬೇರೆಯೇ ಕವಲು ಎಂದು ಗೊತ್ತಾಯಿತು. ಇಂದು ಅದರ ಹೆಸರು ಆರ್ಕಿಯಾ. ಉಪ್ಪಿನಗದ್ದೆಯ ಬಹುಪಾಲು ಕಡ್ಡಿಗಳು ಅಲ್ಲಿಯವು. ಹ್ಯಾಲೊಬ್ಯಾಕ್ಟೀರಿಯಂ ಎಂಬ ಹೆಸರು ಮಾತ್ರ ಹಳೆಯ ರೇಷನ್ ಕಾರ್ಡಿನ ತಪ್ಪಿನಂತೆ ಉಳಿದೇಬಿಟ್ಟಿದೆ. ಗೋವಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದವರು ಇಲ್ಲಿನ ಉಪ್ಪಿನಗದ್ದೆಗಳಿಂದ ಇಂಥವನ್ನು ಬೇರ್ಪಡಿಸಿ ಬೆಳೆಸಿದ್ದಾರೆ.

ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಬಾವಿನೀರಿನ ಹನಿ ಬಿಡಿ, ಎದುರು ಅಂಚಿಗೆ ಹೀರುಕಾಗದ ಹಿಡಿಯಿರಿ. ಸಿಹಿನೀರು ಹಾಯುತ್ತಿದ್ದಂತೆ ಕಡ್ಡಿಗಳು ಉಬ್ಬಿ, ಗುಂಡಗಾಗಿ, ಮಾಯವಾಗುತ್ತವೆ. ಅವುಗಳ ಹೊರಗವಚ ನಿಂತಿರುವುದೇ ಉಪ್ಪಿನ ಬಲದಲ್ಲಿ. ಉಪ್ಪು ತೆಳುವಾದರೆ ಗೋಡೆ ಬಿಚ್ಚಿಕೊಳ್ಳುತ್ತದೆ. ನಾನು ಮೂರು ಸಲ ಮಾಡಿದೆ, ಮೂರು ಸಲವೂ ಸ್ವಲ್ಪ ಪಾಪಪ್ರಜ್ಞೆಯಾಯಿತು. ಉಳಿಯುವ ಒಂದೆರಡು ಕಡ್ಡಿ ಯಾವುವೆಂದು ನನ್ನ ಲೆನ್ಸು ಹೇಳಲಾರದು. ಸಾಲಿನಿಬ್ಯಾಕ್ಟರ್ ಎಂಬ ನಿಜವಾದ ಬ್ಯಾಕ್ಟೀರಿಯಾ ಕೂಡ ಇಂಥ ನೀರಿನಲ್ಲೇ ಇರುತ್ತದೆ. ಅದೇ ಬಣ್ಣ, ಅದೇ ಕಡ್ಡಿಯಾಕಾರ. 2002ರಲ್ಲಿ ಸ್ಪೇನಿನ ಉಪ್ಪಿನಗದ್ದೆಗಳಿಂದ ಅದನ್ನು ವರ್ಣಿಸುವವರೆಗೆ ಇಷ್ಟು ಉಪ್ಪಿನಲ್ಲಿ ಆರ್ಕಿಯಾಗಳದೇ ರಾಜ್ಯ ಎಂದು ನಂಬಿದ್ದರು.

ಕುಲ ಕೆದಕುತ್ತ ಹೋದರೆ ವಿಷಯ ನಮ್ಮ ಮನೆಬಾಗಿಲಿಗೇ ಬರುತ್ತದೆ. ಮೈಟೊಕಾಂಡ್ರಿಯ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತೆಂದು ಲಿನ್ ಮಾರ್ಗುಲಿಸ್ 1967ರಲ್ಲಿ ಬರೆದ ಲೇಖನವನ್ನು ಹದಿನೈದರಷ್ಟು ಪತ್ರಿಕೆಗಳು ತಿರಸ್ಕರಿಸಿದ್ದವು. ಈಗ ಅದು ಪಠ್ಯಪುಸ್ತಕ. ಆ ಬ್ಯಾಕ್ಟೀರಿಯಾವನ್ನು ಒಳಗೆ ಸೇರಿಸಿಕೊಂಡವರು ಯಾರು? 2015ರಲ್ಲಿ ಆರ್ಕ್ಟಿಕ್ ಕಡೆಯ ಸಮುದ್ರತಳದ ಕೆಸರಿನ ಡಿಎನ್‌ಎಯಲ್ಲಿ ಲೋಕಿ ಆರ್ಕಿಯಾಗಳ ಸುಳಿವು ಸಿಕ್ಕಿತು. ನಮ್ಮಂಥ ಜೀವಕೋಶಗಳಿಗೇ ವಿಶಿಷ್ಟ ಎಂದುಕೊಂಡಿದ್ದ ಹಲವು ಜೀನ್‌ಗಳು ಅವುಗಳಲ್ಲಿದ್ದವು. ಆ ಬಳಗದ ಒಂದು ಜೀವಿಯನ್ನು ಬೆಳೆಸಲು ಜಪಾನಿನವರು ಹನ್ನೆರಡು ವರ್ಷ ಕಾದು 2020ರಲ್ಲಿ ಪ್ರಕಟಿಸಿದರು. ರಿಬಂದರಿನ ಕಡ್ಡಿಗಳು ನಮ್ಮ ನೇರ ಅಜ್ಜಂದಿರಲ್ಲ, ಆದರೆ ಆ ಕಡೆಯ ನೆಂಟರು. ಡುನಾಲಿಯೆಲ್ಲದ ಒಂದೇ ಕೋಶದಲ್ಲಿ ಆರ್ಕಿಯಾ ಮೂಲದ ಮನೆ, ಮೈಟೊಕಾಂಡ್ರಿಯವಾದ ಒಂದು ಬ್ಯಾಕ್ಟೀರಿಯಾ, ಕ್ಲೋರೋಪ್ಲಾಸ್ಟ್ ಆದ ಇನ್ನೊಂದು. ಹೊರಗೆ ಈಜುವ ಕವಲುಗಳೆಲ್ಲ ಒಳಗೂ ಇವೆ.

ನೋಡುವ ಮನಸ್ಸಿದ್ದವರು ಮಳೆಗೆ ಮೊದಲು ಹೋಗಿ. ಜೂನ್ ಬಂದರೆ ಗದ್ದೆಗಳಲ್ಲಿ ಬರೀ ಮಳೆನೀರು. ಕೆಲಸದವರನ್ನು ಕೇಳಿಯೇ ಇಳಿಯಿರಿ, ಚಪ್ಪಲಿ ಬದುವಿನ ಮೇಲೆ ಬಿಡಿ, ತುಳಿದು ಹದಮಾಡಿದ ಮಣ್ಣದು. ಮತ್ತೆ, ಉಪ್ಪುನೀರು ಲೆನ್ಸಿಗೆ ತಾಗಿದರೆ ಒಡನೆ ಒರೆಸಿ. ಹೋದ ವರ್ಷ ನಾನು ಒರೆಸದೆ ಒಂದು ಲೆನ್ಸು ಕಳೆದುಕೊಂಡೆ.